ಎಣ್ಣೂರಿನ ಏಳು ಸಂಖ್ಯೆಗಳು

ಚೆನ್ನೈ ಮಹಾನಗರದ ಉತ್ತರದ ಅಂಚಿನಲ್ಲಿ, ಕೊಸಸ್ತಲೈಯಾರು ಕಡಲು ಸೇರುವ ಅಳಿವೆಯ ದಂಡೆಗೆ ಎಣ್ಣೂರು ಇದೆ. ಮೀನುಗಾರರ ಕೇರಿಗಳು, ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ರಸಗೊಬ್ಬರ ಕಾರ್ಖಾನೆ, 2001ರಲ್ಲಿ ಕೆಲಸ ಶುರುಮಾಡಿ 2014ರಲ್ಲಿ ಕಾಮರಾಜರ್ ಹೆಸರು ಪಡೆದ ಬಂದರು ಎಲ್ಲವೂ ಇಲ್ಲಿ ಒಂದರ ಪಕ್ಕ ಒಂದು. 2017ರ ಜನವರಿಯಲ್ಲಿ ಬಂದರಿನ ಹೊರಗೆ ಎರಡು ಹಡಗುಗಳು ಡಿಕ್ಕಿಯಾಗಿ ತೈಲ ಚೆಲ್ಲಿತು; 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಅಳಿವೆಗೆ ತೈಲ ಬಂತು, ಅದೇ ತಿಂಗಳ ಕೊನೆಗೆ ಅಮೋನಿಯ ಸೋರಿತು. ಇಂಥ ಊರಿನ ಬಗ್ಗೆ ಕನ್ನಡದಲ್ಲಿ ಒಂದು ವೆಬ್‌ಪುಟ ಮಾಡಬೇಕೆಂದುಕೊಂಡವರು ಮೊದಲ ಪ್ಯಾರಾದಲ್ಲೇ ತಡವರಿಸುತ್ತಾರೆ. ವಿಷಯ ಗೊತ್ತಿಲ್ಲದ್ದಕ್ಕಲ್ಲ, ಅಕ್ಷರ ಸಿಗದ್ದಕ್ಕೆ.

ಆ ಪ್ಯಾರಾ ಹೀಗಿರಬಹುದು: “ಪೞವೇಱ್ಕಾಡಿನ ದಕ್ಷಿಣಕ್ಕಿರುವ ಎಣ್ಣೂರಿನ ಸ್ಥಾನ ಸುಮಾರು 13°13′ ಉತ್ತರ, 80°19′ ಪೂರ್ವ. ರಾಷ್ಟ್ರೀಯ ಮಾನಕದ ಪ್ರಕಾರ ಗಾಳಿಯಲ್ಲಿ ಎನ್‌ಎಚ್₃ ಪ್ರಮಾಣ 24 ಗಂಟೆಯ ಸರಾಸರಿಯಲ್ಲಿ 400 µಗ್ರಾಂ/ಮೀ³ ದಾಟಬಾರದು.” ಎರಡೇ ವಾಕ್ಯ. ಆದರೆ ಡಿಗ್ರಿ, ಮಿನಿಟಿನ ಗೀಟು, ಕೆಳಗಿಳಿದ ಮೂರು, ಮೇಲೇರಿದ ಮೂರು, ಮೈಕ್ರೊ, ಹಳಗನ್ನಡದ ಎರಡು ಅಕ್ಷರ, ಇಷ್ಟನ್ನೂ ಕೀಲಿಮಣೆಯಲ್ಲಿ ಹುಡುಕಿ ಸುಸ್ತಾದವರು ಕೊನೆಗೆ ‘ಡಿಗ್ರಿ’ ಎಂದು ಅಕ್ಷರದಲ್ಲಿ ಬರೆದು, ಘನಮೀಟರಿನ ಮೂರನ್ನು ಸಾಲಿನಲ್ಲೇ ಕೂರಿಸಿ ಮುಂದೆ ಹೋಗುತ್ತಾರೆ.

ಹಾಗೆ ರಾಜಿಯಾಗಬೇಕಿಲ್ಲ. ವೆಬ್‌ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಯಾವ ಅಕ್ಷರವನ್ನಾದರೂ ಅದರ ಸಂಖ್ಯೆಯಿಂದ ಕರೆಯಬಹುದು. ಮೊದಲು ಆ್ಯಂಪರ್‌ಸ್ಯಾಂಡ್, ಆಮೇಲೆ ಹ್ಯಾಶ್, ನಂತರ ಸಂಖ್ಯೆ, ಕೊನೆಗೆ ಸೆಮಿಕೋಲನ್. &#176; ಎಂದು ಬರೆದರೆ ಪುಟದಲ್ಲಿ ° ಕಾಣುತ್ತದೆ. ಈ ಕ್ರಮ 1995ರ ಎಚ್‌ಟಿಎಂಎಲ್ 2.0ರಲ್ಲೇ ಇತ್ತು, ಸಂಖ್ಯೆ ಎಂದರೆ ಯೂನಿಕೋಡ್ ಪಟ್ಟಿಯ ಸಂಖ್ಯೆ ಎಂಬುದನ್ನು 1997ರ 4.0 ಆವೃತ್ತಿ ಗಟ್ಟಿಮಾಡಿತು. ಮೇಲಿನ ಪ್ಯಾರಾಕ್ಕೆ ಬೇಕಾದವು ಇಷ್ಟೇ: ಮಿನಿಟಿನ ಗೀಟಿಗೆ &#8242;, ಮೈಕ್ರೊಗೆ &#181;, ಮೇಲಿನ ಮೂರಕ್ಕೆ &#179;, ಕೆಳಗಿನ ಮೂರಕ್ಕೆ &#8323;. ಹಳಗನ್ನಡದ ಅಕ್ಷರಗಳ ಕಥೆ ಸ್ವಲ್ಪ ಉದ್ದ, ಅದಕ್ಕೆ ಮೊದಲು ಊರಿನ ಹೆಸರನ್ನೇ ಬಿಡಿಸಿ ನೋಡುವುದು ಒಳ್ಳೆಯದು.

ಎಣ್ಣೂರು ಎಂದರೆ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಏಳು: &#3214;&#3235;&#3277;&#3235;&#3266;&#3248;&#3265;. ಮೊದಲನೆಯದು ಎ. ಎರಡನೆಯದು ಣ, ಮೂರನೆಯದು ಹಲಂತ, ನಾಲ್ಕನೆಯದು ಮತ್ತೆ ಣ. ಒತ್ತಕ್ಷರಕ್ಕೆಂದು ಬೇರೆ ಸಂಖ್ಯೆ ಇಲ್ಲ, ಹಲಂತದ ಬೆನ್ನಿಗೆ ಬಂದ ವ್ಯಂಜನವನ್ನು ಫಾಂಟೇ ಕೆಳಗಿಳಿಸಿ ಒತ್ತು ಮಾಡುತ್ತದೆ. ಆಮೇಲೆ ದೀರ್ಘದ ಕೊಂಬು, ರ, ಕೊನೆಗೆ ಹ್ರಸ್ವದ ಕೊಂಬು. ಕನ್ನಡಕ್ಕೆ ಯೂನಿಕೋಡ್ ಮೀಸಲಿಟ್ಟ ಜಾಗ 3200ರಿಂದ 3327ರವರೆಗೆ, ಒಟ್ಟು 128 ಮನೆ. ಕೆಲವು ಇನ್ನೂ ಖಾಲಿ.

ಈಗ ಒಂದು ಆಟ. ಈ ಏಳರಲ್ಲಿ ಪ್ರತಿಯೊಂದರಿಂದ 256 ಕಳೆಯಿರಿ. 2958, 2979, 3021, 2979, 3010, 2992, 3009 ಬರುತ್ತದೆ. ಇವನ್ನು ಅದೇ ಕ್ರಮದಲ್ಲಿ ಪುಟಕ್ಕೆ ಹಾಕಿದರೆ ಎಣ್ಣೂರು ತಮಿಳು ಲಿಪಿಯಲ್ಲಿ ಮೂಡುತ್ತದೆ! ಊರಿನ ರೈಲು ನಿಲ್ದಾಣದ ಫಲಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕಟ್ಟಕಡೆಯ ಸಂಖ್ಯೆಯದು ಮಾತ್ರ. ತಮಿಳಿನಲ್ಲಿ ಹೆಸರು ವ್ಯಂಜನಕ್ಕೆ ನಿಲ್ಲುವುದರಿಂದ 3009ರ ಬದಲು ಪುಳ್ಳಿಯ, ಅಂದರೆ ತಮಿಳಿನ ಹಲಂತದ, ಸಂಖ್ಯೆ 3021 ಬರಬೇಕು. ಇದು ಕಾಕತಾಳೀಯವಲ್ಲ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿ, ಭಾರತದ ಲಿಪಿಗಳ ಮಟ್ಟಿಗೆ, ನಮ್ಮದೇ ಇಸ್ಕಿ ಮಾನಕದ 1988ರ ರೂಪವನ್ನು ಆಧರಿಸಿತ್ತು. ಅದರಲ್ಲಿ ದೇವನಾಗರಿಯಿಂದ ಮಲಯಾಳದವರೆಗೆ ಎಲ್ಲ ಲಿಪಿಗಳಿಗೂ ಒಂದೇ ವರ್ಣಮಾಲೆಯ ಚೌಕಟ್ಟು. ಹಾಗಾಗಿ ಕನ್ನಡದ ಣ ತನ್ನ ಬೀದಿಯಲ್ಲಿ ಯಾವ ಮನೆಯಲ್ಲಿದೆಯೋ ತಮಿಳಿನ ಣ ಅದರ ಬೀದಿಯಲ್ಲಿ ಅದೇ ನಂಬರಿನ ಮನೆಯಲ್ಲಿದೆ.

ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಈ ಊರು ಒಳ್ಳೆಯ ಉದಾಹರಣೆ. ರ ಅಕ್ಷರದ 3248 ಜಾಗದಲ್ಲಿ 3249 ಬಿದ್ದರೆ ಅದು ಎಣ್ಣೂಱು. ಕನ್ನಡದವರು ‘ಯಾವುದೋ ಹಳೇ ಕಾಲದ ರ’ ಎಂದು ದಾಟಿಹೋಗಬಹುದು, ತಮಿಳರಿಗೆ ಮಾತ್ರ ಅದು ಊರಲ್ಲ, ಎಂಟುನೂರು.

ಈ 3249 ಶಕಟರೇಫ. ಎಣ್ಣೂರಿನ ಸುತ್ತಲ ಹೆಸರುಗಳಲ್ಲಿ ತಮಿಳರು ಇದನ್ನು ದಿನವೂ ಬರೆಯುತ್ತಾರೆ: ದಕ್ಷಿಣಕ್ಕೆ ತಿರುವೊಱ್ಱಿಯೂರು, ಉತ್ತರಕ್ಕೆ ಪೞವೇಱ್ಕಾಡು. ಜೊತೆಗೆ ರಳ, ಅಂದರೆ ೞ. ಚೆನ್ನೈಗೆ ಕುಡಿಯುವ ನೀರು ಕೊಡುವ ಪುೞಲ್, ಚೋೞವರಂ ಕೆರೆಗಳ ಹೆಸರಲ್ಲೂ ಅದಿದೆ. ಶಕಟರೇಫಕ್ಕೆ 256ರ ಲೆಕ್ಕ ಸರಿಹೋಗುತ್ತದೆ, ರಳಕ್ಕೆ ಹೋಗುವುದಿಲ್ಲ. ತಮಿಳಿನ ರಳ 2996ರಲ್ಲಿದೆ. 256 ಕೂಡಿಸಿದರೆ 3252. ಕನ್ನಡದ ಆ ಮನೆ ಖಾಲಿ. ನಮ್ಮ ೞ ದೂರದ 3294ರಲ್ಲಿದೆ, ಅದೂ ತಪ್ಪು ಹೆಸರು ಹೊತ್ತು. ದೇವನಾಗರಿಯ ಬೀದಿಯಲ್ಲಿ ಆ ಸ್ಥಾನದಲ್ಲಿರುವುದು ಚುಕ್ಕೆ ಹಾಕಿದ ಫ಼. ಕನ್ನಡಕ್ಕೂ ಅದೇ ಹೆಸರು ಅಂಟಿತು. ಯೂನಿಕೋಡ್‌ನಲ್ಲಿ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ಕಟ್ಟುನಿಟ್ಟಿನ ನಿಯಮ ಇರುವುದರಿಂದ, ಇದು ತಪ್ಪು ಎಂಬ ಟಿಪ್ಪಣಿ ಸೇರಿಸಿ ಸುಮ್ಮನಾಗಿದ್ದಾರೆ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ರಳ, ಕುಳ, ಕ್ಷಳ ಎಂದು ಬೇರೆಬೇರೆ ಎಣಿಸಿ ಕೊಟ್ಟ ಅಕ್ಷರವೊಂದು ಅಂತಾರಾಷ್ಟ್ರೀಯ ದಾಖಲೆಯಲ್ಲಿ ಇಂದಿಗೂ ‘ಫ’. ವಿಂಡೋಸ್‌ನ ಕ್ಯಾರೆಕ್ಟರ್ ಮ್ಯಾಪ್‌ನಲ್ಲಿ ಹೆಸರು ಹಿಡಿದು ಹುಡುಕಿದವರಿಗೆ ೞ ಸಿಗದಿರುವುದು ಇದಕ್ಕೇ. ಹೆಸರು ಬಿಟ್ಟು ಸಂಖ್ಯೆ ನೆನಪಿಟ್ಟರೆ ಸಾಕು: &#3294;.

ದಿನಪತ್ರಿಕೆಯ ಸುದ್ದಿಗೆ ಈ ಅಕ್ಷರಗಳು ಬೇಕೇ? ಬೇಡ. ಪುಳಲ್, ಚೋಳವರಂ ಎಂದು ಳಕಾರದಲ್ಲಿ ಬರೆದರೆ ಧಾರಾಳವಾಯಿತು. ಇಂಗ್ಲಿಷ್ ಕಾಗುಣಿತ ನೋಡಿ ‘ಪುಝಲ್’ ಎಂದು ಬರೆಯುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಸ್ಥಳನಾಮಗಳ ಪಟ್ಟಿ, ಶಾಸನದ ಪಾಠ, ಹಳಗನ್ನಡ ಕಾವ್ಯ, ನಿಘಂಟು ಇವುಗಳಿಗೆ ಬೇಕೇ ಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಕೋಶವನ್ನು ಎಂ. ಮರಿಯಪ್ಪ ಭಟ್ಟರು ಹಿಗ್ಗಿಸಿ ಪರಿಷ್ಕರಿಸಿದಾಗ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ್ದು ಇದೇ ಚೆನ್ನೈನ ಮದ್ರಾಸು ವಿಶ್ವವಿದ್ಯಾಲಯ. ಅಂಥ ಕೋಶದ ಒಂದು ಪುಟವನ್ನು ವೆಬ್‌ಗೆ ಏರಿಸುವವರು ೞ ಇದ್ದಲ್ಲಿ ಳ ಹಾಕಿದರೆ ಕೋಶ ಮಾಡಿದವರ ಶ್ರಮವೇ ನೀರುಪಾಲು.

ಇಷ್ಟು ಕೇಳಿದ ಉತ್ಸಾಹಿಗಳು ಇಡೀ ಕನ್ನಡ ಪುಟವನ್ನೇ ಸಂಖ್ಯೆಗಳಲ್ಲಿ ಬರೆಯಲು ಹೊರಡುವುದುಂಟು. ಅದು ಬೇಡ. ಯುಟಿಎಫ್-8 ವಿಧಾನದಲ್ಲಿ ಉಳಿಸಿದ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. ಎಣ್ಣೂರು ಎಂಬುದಕ್ಕೆ 21. ಅದನ್ನೇ ಸಂಖ್ಯೆಗಳಲ್ಲಿ ಬರೆದರೆ 49. ಗಾತ್ರಕ್ಕಿಂತ ದೊಡ್ಡ ತೊಂದರೆ ಬೇರೆಯದು: ನಾಳೆ ಆ ಕಡತ ತೆರೆದು ಕಾಗುಣಿತ ತಿದ್ದಬೇಕಾದವರಿಗೆ ಓದಲು ಏನೂ ಇರುವುದಿಲ್ಲ, ಬರೀ ಅಂಕಿಗಳ ಸಂತೆ. ಕನ್ನಡವನ್ನು ನುಡಿ, ಬರಹದಂಥ ತಂತ್ರಾಂಶದಲ್ಲೋ ಫೋನಿನಲ್ಲೋ ಯೂನಿಕೋಡ್‌ನಲ್ಲೇ ನೇರ ಟೈಪಿಸಿ, ಕಡತವನ್ನು ಯುಟಿಎಫ್-8 ಎಂದು ಉಳಿಸಿ, ಪುಟದ ತಲೆಯಲ್ಲಿ ಮೆಟಾ ಟ್ಯಾಗ್ ಮೂಲಕ ಅದನ್ನು ಸಾರಬೇಕು. ಈ ಟ್ಯಾಗ್ ಕಡತದ ಮೊದಲ 1024 ಬೈಟ್‌ಗಳ ಒಳಗೇ ಇರಬೇಕು. ಕೆಳಗೆಲ್ಲೋ ಇದ್ದರೆ ಬ್ರೌಸರ್ ಅಷ್ಟರಲ್ಲಿ ತನಗೆ ತೋಚಿದ್ದನ್ನು ಊಹಿಸಿರಬಹುದು. ಸಂಖ್ಯೆಗಳನ್ನು ಟೈಪಿಸಲು ಸಿಗದ, ಕಣ್ಣಿಗೆ ಕಾಣದ, ಇಲ್ಲವೇ ಎಚ್‌ಟಿಎಂಎಲ್ ತನ್ನ ಕೆಲಸಕ್ಕೆ ಇಟ್ಟುಕೊಂಡ ಅಕ್ಷರಗಳಿಗೆ ಮಾತ್ರ ಉಳಿಸಿಕೊಳ್ಳುವುದು ಲೇಸು.

ಟೈಪಿಸಲು ಸಿಗದವುಗಳಲ್ಲಿ ಒಂದು ಕಾಲಕ್ಕೆ ರೂಪಾಯಿಯೂ ಇತ್ತು. ತಮಿಳುನಾಡಿನವರೇ ಆದ ಡಿ. ಉದಯಕುಮಾರ್ ರೂಪಿಸಿದ ₹ ಚಿಹ್ನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2010ರ ಜುಲೈ 15ರಂದು. ಅಲ್ಲಿಯವರೆಗೆ ಯೂನಿಕೋಡ್‌ನಲ್ಲಿದ್ದದ್ದು ಪ್ರಾದೇಶಿಕ ಗುರುತುಗಳನ್ನು ಬಿಟ್ಟರೆ 8360ರ ಹಳೆಯ ₨ ಮಾತ್ರ. ಚಿಹ್ನೆ ಬಂದ ಕೆಲವೇ ದಿನಗಳಲ್ಲಿ ಮಂಗಳೂರಿನ ಫೊರಾಡಿಯನ್ ಸಂಸ್ಥೆ ಒಂದು ಫಾಂಟ್ ಬಿಡುಗಡೆ ಮಾಡಿತು. ಕೀಲಿಮಣೆಯ ಎಡತುದಿಯಲ್ಲಿ ಯಾರೂ ಮುಟ್ಟದ ಓರೆಗೀರಿನ ಕೀಲಿ ಒತ್ತಿದರೆ ರೂಪಾಯಿ ಮೂಡುತ್ತಿತ್ತು. ಜನ ಮುಗಿಬಿದ್ದು ಇಳಿಸಿಕೊಂಡರು. ಆದರೆ ಓದುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೆಲೆಯ ಹಿಂದೆ ಕಾಣುತ್ತಿದ್ದುದು ಬರೀ ಓರೆಗೀರು. ನುಡಿ, ಬರಹಗಳ ಆರಂಭಕಾಲದ ಕನ್ನಡ ಫಾಂಟ್‌ಗಳ ಕಥೆಯೂ ಇದೇ: ಲ್ಯಾಟಿನ್ ಅಕ್ಷರಗಳ ಸಂಖ್ಯೆಗೆ ಕನ್ನಡದ ವೇಷ. ವೇಷ ಕಳಚಿದರೆ ಬಾಲವುಳ್ಳ, ಚುಕ್ಕೆಯುಳ್ಳ ಪರದೇಶದ ಅಕ್ಷರಗಳ ರಾಶಿ. 2010ರ ಅಕ್ಟೋಬರ್‌ನಲ್ಲಿ ಯೂನಿಕೋಡ್ 6.0 ಬಂದು ₹ ಚಿಹ್ನೆಗೆ 8377ರ ಸ್ವಂತ ಮನೆ ಕೊಟ್ಟಿತು. ಅಂದಿನಿಂದ &#8377; ಎಂದು ಬರೆದರೆ ಅದು ಯಾವ ಯಂತ್ರದಲ್ಲೂ ರೂಪಾಯಿಯೇ; ಫಾಂಟಿನಲ್ಲಿ ಚಿತ್ರವಿಲ್ಲದಿದ್ದರೆ ಖಾಲಿ ಡಬ್ಬ ಕಂಡೀತೇ ಹೊರತು ಬೇರೆ ಅಕ್ಷರವಾಗದು. 2025ರ ಮಾರ್ಚ್‌ನಲ್ಲಿ ತಮಿಳುನಾಡು ಸರ್ಕಾರ ಬಜೆಟ್‌ನ ಲಾಂಛನದಲ್ಲಿ ₹ ಕೈಬಿಟ್ಟು ತಮಿಳಿನ ‘ರೂ’ ಹಾಕಿ ದೊಡ್ಡ ಸುದ್ದಿಯಾಯಿತು. ಆ ಗದ್ದಲದಲ್ಲಿ ಹೆಚ್ಚು ಮಂದಿ ಗಮನಿಸದ ಸಂಗತಿ: ತಮಿಳಿಗೆ ತನ್ನದೇ ರೂಪಾಯಿ ಗುರುತು ಯೂನಿಕೋಡ್‌ನಲ್ಲಿ ₹ ಬರುವುದಕ್ಕೂ ಮೊದಲಿನಿಂದ ಇದೆ, &#3065;. ಅದರ ನೆರೆಯಲ್ಲೇ ದಿನ, ತಿಂಗಳು, ವರ್ಷ, ಖರ್ಚು, ಜಮಾ ಎಂಬುದಕ್ಕೆಲ್ಲ ಹಳೆಯ ಕಡತಗಳ ಗುರುತುಗಳು ಸಾಲಾಗಿವೆ.

ಕಣ್ಣಿಗೆ ಕಾಣದ ಅಕ್ಷರಗಳು ಕನ್ನಡಕ್ಕೆ ಬೇಕಾದಷ್ಟು ಇಂಗ್ಲಿಷಿಗೆ ಬೇಕಿಲ್ಲ. ‘ಏರ್‌ಪೋರ್ಟ್’ ಎಂದು ಬರೆದು ನೋಡಿ. ರ, ಹಲಂತ, ಪ ಮೂರನ್ನೂ ಸುಮ್ಮನೆ ಜೋಡಿಸಿದರೆ ‘ಏರ್ಪೋರ್ಟ್’ ಎಂದು ಅರ್ಕಾವತ್ತು ಬಂದು ಕೂರುತ್ತದೆ. ಹಲಂತದ ಬೆನ್ನಿಗೆ &#8204; ಹಾಕಿದರೆ ಅವು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕಾಮರಾಜರ್‌ಗೆ, ವೆಬ್‌ಸೈಟ್, ಸಾಫ್ಟ್‌ವೇರ್ ಎಲ್ಲಕ್ಕೂ ಇದೇ ಮದ್ದು. ಇದರ ಪಕ್ಕದ &#8205; ತದ್ವಿರುದ್ಧದ ಕೆಲಸ ಮಾಡುತ್ತದೆ: ‘ರ‍್ಯಾಂಕ್’ ಎಂಬಲ್ಲಿ ರಕಾರ ಮೇಲುಳಿದು ಯ ಒತ್ತಾಗಬೇಕಾದರೆ &#3248;&#8205;&#3277;&#3247; ಎಂಬ ಕ್ರಮ ಬೇಕು. ನಡುವಿನ 8205 ಬಿಟ್ಟರೆ ಅದು ಸೂರ್ಯನ ‘ರ್ಯ’. ಟೈಪಿಸುವ ಕೆಲವು ತಂತ್ರಾಂಶಗಳು ಈ ಎರಡನ್ನೂ ತಾವಾಗಿ ಸೇರಿಸುತ್ತವೆ, ಆದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಂಟಿಸುವಾಗ ಅವು ಉದುರಿಹೋಗುವುದುಂಟು. ಉದುರಿದ್ದು ಗೊತ್ತೂ ಆಗುವುದಿಲ್ಲ, ಏಕೆಂದರೆ ಇದ್ದದ್ದೇ ಕಾಣುತ್ತಿರಲಿಲ್ಲ. ಪುಟದ ಶೀರ್ಷಿಕೆ, ಸಂಸ್ಥೆಯ ಹೆಸರಿನಂಥ ಮುಖ್ಯ ಜಾಗಗಳಲ್ಲಿ ಇವನ್ನು ಸಂಖ್ಯೆಯಲ್ಲೇ ಬರೆದಿಟ್ಟರೆ ಮೂಲ ಕಡತದಲ್ಲಿ ಕಣ್ಣಿಗೆ ರಾಚುತ್ತವೆ.

ಇನ್ನೊಂದು ಕಾಣದ ಅಕ್ಷರ &#160;, ಸಾಲು ಮುರಿಯದ ಖಾಲಿ ಜಾಗ. ಫೋನಿನ ಕಿರಿದಾದ ಪರದೆಯಲ್ಲಿ ‘ಎಂ.’ ಒಂದು ಸಾಲಿನ ಕೊನೆಗೂ ‘ಮರಿಯಪ್ಪ ಭಟ್ಟ’ ಮುಂದಿನ ಸಾಲಿಗೂ ಬೀಳದಂತೆ ಇನಿಶಿಯಲ್ ಮತ್ತು ಹೆಸರಿನ ನಡುವೆ ಇದನ್ನು ಇಡಬೇಕು. 400 ಮತ್ತು µಗ್ರಾಂ ನಡುವೆಯೂ ಅಷ್ಟೇ. ಪ್ಯಾರಾದ ಮೊದಲಿಗೆ ಜಾಗ ಬಿಡಲೆಂದು ಇದನ್ನೇ ಹತ್ತು ಸಲ ಬರೆಯುವ ಚಾಳಿ ಮಾತ್ರ ಬಿಡುವುದು ಒಳ್ಳೆಯದು. ಅದು ಪುಟದ ವಿನ್ಯಾಸ ನೋಡಿಕೊಳ್ಳುವ ಸಿಎಸ್‌ಎಸ್ ಕೆಲಸ.

ಕಾಣುವ, ಆದರೆ ಬೇರೆ ಯಾವುದೋ ಆಗಿರುವ ಅಕ್ಷರಗಳ ಕಾಟ ಇನ್ನೊಂದು ಬಗೆಯದು. ಕನ್ನಡದ ಅನುಸ್ವಾರ 3202, ಕನ್ನಡದ ಸೊನ್ನೆ 3302. ಸರಿಯಾಗಿ ನೂರರ ಅಂತರ, ನೋಡಲು ಅವಳಿಜವಳಿ. ‘ಬಂದರು’ ಎಂಬುದನ್ನು ಸೊನ್ನೆ ಹಾಕಿ ‘ಬ೦ದರು’ ಎಂದು ಬರೆದ ಪುಟಗಳು ವೆಬ್‌ನಲ್ಲಿ ಬೇಕಾದಷ್ಟು ಸಿಗುತ್ತವೆ, ಅಥವಾ ಸಿಗುವುದಿಲ್ಲ ಎನ್ನಬೇಕು. ಹುಡುಕಿದರೆ ಸಿಗದಿರುವುದೇ ಅವುಗಳ ದೋಷ. ಮೈಕ್ರೊ ಚಿಹ್ನೆ 181, ಗ್ರೀಕ್ ಅಕ್ಷರ ಮ್ಯೂ 956, ಕಣ್ಣಿಗೆ ಎರಡೂ ಒಂದೇ. ಡಿಗ್ರಿಗೆ 176 ಬದಲು 186 ಹಾಕಿದರೆ ಅದು ಸ್ಪ್ಯಾನಿಷ್‌ನಂಥ ಭಾಷೆಗಳಲ್ಲಿ ‘ನೆಯ’ ಎಂಬರ್ಥದಲ್ಲಿ ಅಂಕಿಯ ಪಕ್ಕ ಬರೆಯುವ ಪುಟ್ಟ ಸುಳಿ. ಷಟ್ಪದಿಯ ಕೊನೆಗೆ ಹಾಕುವ ಜೋಡಿಗೀಟಿಗೆ ಕನ್ನಡದ ಬೀದಿಯಲ್ಲಿ ಮನೆಯಿಲ್ಲ; ಪ್ರಮುಖ ಭಾರತೀಯ ಲಿಪಿಗಳೆಲ್ಲ ದೇವನಾಗರಿಯ &#2405; ಬಳಸಬೇಕು. ಕೀಲಿಮಣೆಯ ನೆಟ್ಟಗೀಟನ್ನು ಎರಡು ಸಲ ಒತ್ತುವವರೇ ಹೆಚ್ಚು.

ಸೆಮಿಕೋಲನ್ ಮರೆಯಬಾರದು. ಮರೆತರೂ ಬ್ರೌಸರ್ ಹಲವು ಸಲ ಕ್ಷಮಿಸುತ್ತದೆ, ರೂಪಾಯಿಯ ವಿಷಯದಲ್ಲಿ ಕ್ಷಮಿಸದು. ₹500 ಬರೆಯಲು ಹೋಗಿ &#8377500 ಎಂದು ಬರೆದರೆ ಬ್ರೌಸರ್ ಇಡೀ ಸಂಖ್ಯೆಯನ್ನು ಒಂದೇ ಎಂದು ಓದುತ್ತದೆ. ಯೂನಿಕೋಡ್ ಸಂಖ್ಯೆಗಳು 1114111ಕ್ಕೆ ಮುಗಿಯುವುದರಿಂದ 83 ಲಕ್ಷದ ಮನೆ ಎಲ್ಲಿಂದ ಬರಬೇಕು? ಪ್ರಶ್ನಾರ್ಥಕ ಚಿಹ್ನೆಯಿರುವ ಕಪ್ಪು ವಜ್ರ � ಮೂಡಿ ಐನೂರು ರೂಪಾಯಿ ಮಾಯವಾಗುತ್ತದೆ. ಹಳೆಯ ಪುಸ್ತಕಗಳ ಪಟ್ಟಿ ನೋಡಿ ಉದ್ಧರಣ ಚಿಹ್ನೆಗೆ &#147; ಬಳಸುವವರೂ ಇದ್ದಾರೆ. ಅದು ವಿಂಡೋಸ್‌ನ ಹಳೆಯ ಪಟ್ಟಿಯ ಸಂಖ್ಯೆ, ಯೂನಿಕೋಡ್‌ನದಲ್ಲ. ಕೋಟಿಗಟ್ಟಲೆ ಹಳೆಯ ಪುಟಗಳು ಕೆಡದಿರಲೆಂದು ಇಂದಿನ ಎಚ್‌ಟಿಎಂಎಲ್ 128ರಿಂದ 159ರವರೆಗಿನ ಈ ತಪ್ಪಿಗೆ ಕಣ್ಣುಮುಚ್ಚುತ್ತದೆ ಅಷ್ಟೆ. ಸರಿಯಾದವು &#8220; ಮತ್ತು &#8221;.

ಇಂಗ್ಲಿಷ್ ಹೆಸರಿನಿಂದ ಕರೆಯುವ ಇನ್ನೊಂದು ದಾರಿಯೂ ಉಂಟು. ಎಚ್‌ಟಿಎಂಎಲ್ ಮಾನಕದಲ್ಲಿ ಅಂಥ 2231 ಹೆಸರುಗಳಿವೆ. ಕನ್ನಡದ ಒಂದಕ್ಷರವೂ ಅದರಲ್ಲಿಲ್ಲ. ನಮಗೆ ಸಂಖ್ಯೆಯೇ ಗತಿ.

ಬೇಕಾದ ಅಕ್ಷರದ ಸಂಖ್ಯೆ ತಿಳಿಯಲು ಹೊಸ ತಂತ್ರಾಂಶ ಇಳಿಸಿಕೊಳ್ಳಬೇಕಿಲ್ಲ. ಎಕ್ಸೆಲ್ ಅಥವಾ ಲಿಬ್ರೆ ಆಫೀಸಿನ ಲೆಕ್ಕದ ಹಾಳೆಯಲ್ಲಿ ‘ಯೂನಿಕೋಡ್’ ಎಂಬ ಫಂಕ್ಷನ್ ಇದೆ. ಒಂದು ಮನೆಯಲ್ಲಿ ಅಕ್ಷರ ಟೈಪಿಸಿ, ಪಕ್ಕದಲ್ಲಿ ಈ ಫಂಕ್ಷನ್ ಕೊಟ್ಟರೆ ಸಂಖ್ಯೆ ಬರುತ್ತದೆ. ‘ಯೂನಿಚಾರ್’ ಎಂಬುದು ಸಂಖ್ಯೆಯಿಂದ ಅಕ್ಷರ ಕೊಡುತ್ತದೆ. ಮೊದಲನೆಯದು ಪದದ ಮೊದಲ ಚಿಹ್ನೆಯನ್ನಷ್ಟೇ ನೋಡುವುದರಿಂದ ‘ಎಣ್ಣೂರು’ ಕೊಟ್ಟರೆ 3214 ಎಂದು ಹೇಳಿ ಸುಮ್ಮನಾಗುತ್ತದೆ. ಉಳಿದ ಆರಕ್ಕೆ ಪದವನ್ನು ತುಂಡರಿಸಿ ಕೊಡಬೇಕು. ಬ೦ದರಿನಲ್ಲಿ ಇರುವುದು ಸೊನ್ನೆಯೋ ಅನುಸ್ವಾರವೋ ಎಂಬ ಅನುಮಾನ ಹೀಗೆ ನಿಮಿಷದಲ್ಲಿ ಬಗೆಹರಿಯುತ್ತದೆ. ಪಟ್ಟಿ ನೋಡುವಾಗ ಒಂದು ಎಚ್ಚರ: ಯೂನಿಕೋಡ್‌ನ ಅಧಿಕೃತ ಪಟ್ಟಿಗಳು ಹದಿನಾರರ ಪದ್ಧತಿಯಲ್ಲಿ ಸಂಖ್ಯೆ ಕೊಡುತ್ತವೆ, ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳೂ ಬರುತ್ತವೆ. ಇಲ್ಲಿ ಬಳಸಿರುವುದೆಲ್ಲ ಹತ್ತರ ಪದ್ಧತಿಯವು. ಹಾಗೆಯೇ ಈ ಸಂಖ್ಯೆಗಳು ನಡೆಯುವುದು ಎಚ್‌ಟಿಎಂಎಲ್‌ನಂಥ ಭಾಷೆಗಳಲ್ಲಿ ಮಾತ್ರ. ಸಿಎಸ್‌ಎಸ್ ಕಡತದಲ್ಲೋ ಜಾವಾಸ್ಕ್ರಿಪ್ಟ್‌ನಲ್ಲೋ ಬರೆದರೆ ಸಂಖ್ಯೆ ಸಂಖ್ಯೆಯಾಗಿಯೇ ಪುಟದಲ್ಲಿ ಕಂಡು ನಗೆಪಾಟಲಾಗುತ್ತದೆ.

ಉಳಿದದ್ದು ಎಚ್‌ಟಿಎಂಎಲ್ ತನಗೇ ಇಟ್ಟುಕೊಂಡ ಅಕ್ಷರಗಳು. ಕಿರಿದು ಚಿಹ್ನೆ ಟ್ಯಾಗ್‌ನ ಆರಂಭವಾದ್ದರಿಂದ, ಅದನ್ನು ಪಠ್ಯದಲ್ಲಿ ತೋರಿಸಲು &#60; ಬೇಕು, ಹಿರಿದು ಚಿಹ್ನೆಗೆ &#62;. ಆ್ಯಂಪರ್‌ಸ್ಯಾಂಡ್‌ಗೆ &#38;. ಹಲವು ಸಲ ಪುಟದಲ್ಲಿ ° ಬದಲು &#176; ಎಂದೇ ಕಾಣಿಸುವುದಕ್ಕೆ ಕಾರಣ ಈ ಕೊನೆಯದು. ಬರೆಯಲು ಬಳಸಿದ ಸಂಪಾದಕ ತಂತ್ರಾಂಶ, ‘ಇವರಿಗೆ ಆ್ಯಂಪರ್‌ಸ್ಯಾಂಡೇ ಬೇಕಿರಬೇಕು’ ಎಂದು ಭಾವಿಸಿ, ನಾವು ಕೊಟ್ಟ & ಅನ್ನು ಸದ್ದಿಲ್ಲದೆ ಅದರ ಸಂಖ್ಯೆಗೋ ಹೆಸರಿಗೋ ತಿರುಗಿಸಿರುತ್ತದೆ. ಎಚ್‌ಟಿಎಂಎಲ್ ನೋಟಕ್ಕೆ ಬದಲಿಸಿಕೊಂಡು ಅಲ್ಲಿ ಬರೆದರೆ ಸರಿಯಾಗುತ್ತದೆ. ಕೆಲವೊಮ್ಮೆ ಅದೇ ಬೇಕಾಗುತ್ತದೆ ಕೂಡ. ಈ ಲೇಖನವನ್ನು ಯಾರಾದರೂ ಇದ್ದಂತೆಯೇ ಎಚ್‌ಟಿಎಂಎಲ್ ಕಡತಕ್ಕೆ ಅಂಟಿಸಿದರೆ ಮೇಲಿನ ಸಂಖ್ಯೆಗಳೆಲ್ಲ ಅಕ್ಷರಗಳಾಗಿ ಕರಗಿ, ಪಾಠ ಹೇಳಲು ಏನೂ ಉಳಿಯುವುದಿಲ್ಲ. ಆಗ ಪ್ರತಿ ಸಂಖ್ಯೆಯ ಮುಂದಿನ & ಗುರುತನ್ನು &#38; ಎಂದು ಬದಲಿಸಬೇಕು; ರೂಪಾಯಿಯ ಸಂಖ್ಯೆ ಕಡತದಲ್ಲಿ &#38;#8377; ಎಂದಿದ್ದರೆ ಓದುಗರಿಗೆ &#8377; ಎಂದು ಕಾಣುತ್ತದೆ.